ಮಾಣಿಯ ತೂಕದ ಫೋರ್ಕು

ಸೈಕಲ್ ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಅಂಗಡಿಯ ಮುಂದೆ ಚರಂಡಿಗೆ ಹಾಸಿದ ಕಲ್ಲಿನ ಮೇಲೆ ಮುಂದಿನ ಚಕ್ರ ಹತ್ತಿ ಇಳಿಯುವಾಗ ಎರಡು ಸಲ, ಟಕ್, ಟಕ್. ನಾನು ಗೋಡೆಗೆ ಮುಖ ಮಾಡಿ ಕೂತು ಚಕ್ರವೊಂದರ ಕಡ್ಡಿ ಬಿಗಿಯುತ್ತಿದ್ದೆ. ತಿರುಗದೆಯೇ, "ಬಾ ಮಾರಾಯ, ಚಾ ಆಯ್ತಾ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನೆನಪಾಯಿತು, ಆ ಸೈಕಲ್ಲಿನವನು ಹಿಂದಿನ ವರ್ಷದ ಮಳೆಗಾಲದಲ್ಲಿ ದೋಣಿ ಮಗುಚಿ ತೀರಿಹೋಗಿದ್ದಾನೆ ಎಂದು. ಹೊರಗೆ ಬಿಸಿಲು ಚೆನ್ನಾಗಿಯೇ ಇತ್ತು, ಆದರೂ ತಿರುಗಿ ನೋಡಲು ನನಗೆ ಧೈರ್ಯ ಸಾಲಲಿಲ್ಲ.

"ಅಣ್ಣಾ, ನಾನ್" ಎಂದು ಹೆಣ್ಣು ದನಿ ಬಂತು. ಅವನ ತಂಗಿ. ಹ್ಯಾಂಡಲ್ಲಿಗೆ ಖಾಕಿ ಬಣ್ಣದ ಅಂಚೆ ಚೀಲ ನೇತು ಹಾಕಿಕೊಂಡು ನಿಂತಿದ್ದಳು.

ಕುಂದಾಪುರದ ಹೆದ್ದಾರಿ ಬದಿಯಲ್ಲಿ ನನ್ನದು ಸೈಕಲ್ ಅಂಗಡಿ. ರಸ್ತೆ ಅಗಲ ಮಾಡಲು ಎರಡೂ ಬದಿಯ ಮರ ಕಡಿಯತೊಡಗಿದ ಕಾಲವದು. ಗೇರ್ ಸೈಕಲ್ಲಿನ ಹುಚ್ಚು ಊರಿಗೆ ಆಗಷ್ಟೇ ಹಿಡಿದಿತ್ತು. ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ ಕವಲು, ಅಂದರೆ ಫೋರ್ಕು, ಸ್ಪ್ರಿಂಗ್ ಇರುವಂಥದು ಕಂಡರೆ ಸಾಕು, ಮಾರ್ಕೆಟ್ಟಿಗೆ ಹೋಗಿ ಬಸಳೆ ತರುವವರಿಗೂ ಅದೇ ಬೇಕು. ಅದರೊಳಗೆ ಏನಿದೆ ಎಂದು ಕೇಳುವವರು ಇರಲಿಲ್ಲ. ಕೇಳುತ್ತಿದ್ದವನು ಒಬ್ಬನೇ, ಈ ಹುಡುಗಿಯ ಅಣ್ಣ. ತ್ರಾಸಿ ಕಡೆಯ ದೋಣಿಯವನು. ಗೋವಾದಲ್ಲಿ ಟ್ರಾಲರಿಗೆ ಹೋಗುತ್ತಿದ್ದಾಗ ಯಾರೋ ವಿದೇಶಿಯವನು ಬಿಟ್ಟುಹೋದ ಮೌಂಟನ್ ಬೈಕನ್ನು ಅಲ್ಲೇ ಕೊಂಡು ಮೀನಿನ ಲಾರಿಯಲ್ಲಿ ಹೇರಿಕೊಂಡು ಬಂದಿದ್ದ. ಭಾರೀ ಆಳು. ಹ್ಯಾಂಡಲ್ಲಿಗೆ ಡೀಸೆಲ್ ಕ್ಯಾನು ಕಟ್ಟಿಕೊಂಡು ಕಡಲದಂಡೆಯ ಹೊಯಿಗೆಯ ಮೇಲೂ ತುಳಿಯುತ್ತಿದ್ದ. ಅವನ ತೂಕಕ್ಕೆ ಹಳೆಯ ಸ್ಪ್ರಿಂಗ್ ಪೂರ್ತಿ ಕುಸಿದು ಕೂರುತ್ತಿತ್ತು ಎಂದು ನಾನೇ ಇದ್ದುದರಲ್ಲಿ ಅತಿ ಗಟ್ಟಿಯಾದುದನ್ನು ಹುಡುಕಿ ಹಾಕಿಕೊಟ್ಟಿದ್ದೆ.

"ಈ ಫೋರ್ಕಿನ ಸದ್ದ್ ನಿಲ್ಸಿ ಕೊಡ್ಕ್" ಎಂದಳು.

"ಸದ್ದ್ ಮಾತ್ರ ನಿಂತ್ರೆ ಸಾಕಾ? ಫೋರ್ಕೂ ಸಮ ಆಯ್ಕಾ?"

"ಸದ್ದ್ ನಿಂತ್ರೆ ಸಾಕ್. ಉಳ್ದದ್ದ್ ನಾನ್ ಸುಧಾರ್ಸ್ಕಂತೆ."

ನನಗೆ ನಗು ಬಂತು, ಆದರೆ ಅವಳ ಮುಖ ನೋಡಿ ನಗಲಿಲ್ಲ. ಮುಂದಿನ ಬ್ರೇಕು ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿದೆ. ಸದ್ದು ಎಲ್ಲಿಂದ ಎಂದು ತಿಳಿಯಲು ಬೆರಳು ಇಟ್ಟು ನೋಡುವುದೇ ದಾರಿ. ಮೇಲಿನ ಬೇರಿಂಗಿನ ಹತ್ತಿರ ಬೆರಳಿಟ್ಟರೆ ಏನೂ ಇಲ್ಲ. ಮೇಲಿನ ಕೊಳವೆ ಕೆಳಗಿನ ಕಾಲಿನೊಳಗೆ ಇಳಿಯುವ ಜಾಗದಲ್ಲಿ, ರಬ್ಬರ್ ಸೀಲಿನ ಮೇಲೆ ಬೆರಳಿಟ್ಟರೆ ಒಳಗೆ ಕೊಳವೆ ತೊನೆಯುವುದು ಸ್ಪಷ್ಟವಾಗಿ ತಾಗುತ್ತಿತ್ತು. ಕೊಳವೆ ಅಲುಗದೆ ಜಾರಲೆಂದು ಒಳಗೆ ಕೂರಿಸುವ ಬಳೆ, ಬುಷ್, ಸವೆದಿದೆ. ಅವಳನ್ನು ಸೀಟಿನ ಮೇಲೆ ಕೂರಿಸಿದೆ. ಫೋರ್ಕು ಒಂದು ನೂಲಿನಷ್ಟೂ ಕೆಳಗೆ ಹೋಗಲಿಲ್ಲ. ಒಳಗಿದ್ದದ್ದು ಅಣ್ಣನ ತೂಕದ ಸ್ಪ್ರಿಂಗು. ಅವಳು ಅವನ ಅರ್ಧದಷ್ಟಿದ್ದಳು.

"ಇಳ್ಕಿಲಿ ಚಕ್ರ ಹಾರ್ತಾ?"

"ಹಾರ್ತ್. ಕೈ ಎಲ್ಲ ಜುಂ ಅಂತ್ತ್."

ಅವಳಿಗೆ ಆಗ ಅಂಚೆ ಹಂಚುವ ಬದಲಿ ಕೆಲಸ ಸಿಕ್ಕಿತ್ತು. ಹೆಮ್ಮಾಡಿಯಿಂದ ಒಳಗೆ, ವಂಡ್ಸೆ ಕಡೆಯ ಗುಡ್ಡದ ಮನೆಗಳಿಗೆ ಹೋಗಬೇಕು. ಕೆಂಪು ಕಲ್ಲಿನ ಇಳಿಜಾರು, ಮೇಲೆ ಸಣ್ಣ ಜಲ್ಲಿ. ಅಂಥ ಕಡೆ ಮುಂದಿನ ಚಕ್ರ ನೆಲ ಬಿಟ್ಟರೆ ಬ್ರೇಕು ಹಿಡಿದೂ ಪ್ರಯೋಜನವಿಲ್ಲ. ಫೋರ್ಕು ತಗ್ಗಿ ಏಳಬೇಕು, ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿದಿರಬೇಕು. ಅದಕ್ಕಾಗಿಯೇ ಅದು ಇರುವುದು. ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಮತ್ತೆ ಸದ್ದಿನ ಮಾತಿಗೇ ಬಂದಳು.

"ನಾನ್ ಸಂಕ ದಾಟೂಕೂ ಇದ್ ಟಕ್ ಟಕ್ ಅಂಬುಕೂ ಸಮ ಆತ್ತ್. ಅಪ್ಪಯ್ಯ ಜಗ್ಲಿ ಮೇಲ್ ಕೂತ್ಕಂಡ್ ಬಲೆ ಕಟ್ತಾ ಇರ್ತ್ರ್. ಅವ್ರಿಗ್ ಕಣ್ಣ್ ಅಷ್ಟ್ ಕಾಂತಿಲ್ಲ. 'ಬಂದ್ಯಾ ಮಾಣಿ' ಅಂತ್ರ್. ದಿನಾ ಹೀಂಗೇ, ಅಣ್ಣಾ. ನಾನ್ ಎದ್ರ್ ಹೋಯ್ ನಿಂತ್ರೆ ಸುಮ್ನಾತ್ರ್."

ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತ, "ದುಡ್ಕಂಡ್ ಬಪ್ಪುದ್ ನಾನ್. ಕರೂದ್ ಅವನ್ನ. ನನ್ನನ್ ಒಂದಿನಾನೂ ಕರ್ದಿಲ್ಲ" ಎಂದಳು.

ಸಂಕ ಎಂದರೆ ಅವರ ಮನೆಯ ಮುಂದಿನ ತೋಡಿಗೆ, ಸಣ್ಣ ಹಳ್ಳಕ್ಕೆ, ಹಾಕಿದ ಕಾಲುಸೇತುವೆ, ಎರಡು ಹಲಗೆಯ ದಾರಿ. ಮಾಣಿ ಎಂದರೆ ಮನೆಯ ಹುಡುಗ, ಅವಳ ಅಣ್ಣ. ಸದ್ದು ಕೇಳಿ ನಾನೇ 'ಬಾ ಮಾರಾಯ' ಎಂದಿದ್ದೆನಲ್ಲ, ಅದೂ ಅವಳ ಕಿವಿಗೆ ಬಿದ್ದಿತ್ತು. ಸೈಕಲ್ ಬಿಟ್ಟು ಹೋಗು ಎಂದೆ.

ಮಾರನೇ ದಿನ ಫೋರ್ಕು ಬಿಚ್ಚಿದೆ. ತಳದ ಬೋಲ್ಟುಗಳನ್ನು ಅಲನ್ ಕೀಯಲ್ಲಿ ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೆಳಗಿನ ಕಾಲುಗಳನ್ನು ಎಳೆದರೆ ಬರಲಿಲ್ಲ. ಮೊಣಕಾಲು ಕೊಟ್ಟು ಎಳೆದಾಗ ಒಮ್ಮೆಗೇ ಕಳಚಿತು, ಜೊತೆಗೆ ವಾಸನೆ ಬಂತು. ಮೀನೆಣ್ಣೆ. ಮಳೆಗಾಲಕ್ಕೆ ದೋಣಿ ಮೇಲೆಳೆದಾಗ ಮರಕ್ಕೆ ಬಳಿಯುವ ಎಣ್ಣೆ. ಆ ವಾಸನೆಯೊಡನೆ ಅವನು ಅಂಗಡಿಯ ಒಳಗೇ ಬಂದು ನಿಂತಂತಾಯಿತು. ನಾನು ಎದ್ದು ಹೋಗಿ ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತುಬಂದೆ.

ಅವನು ಇದ್ದಾಗಲೇ ಈ ಎಣ್ಣೆಯ ಬಗ್ಗೆ ನಮಗೆ ಜಗಳವಾಗಿತ್ತು. ಪ್ರತಿ ಮಳೆಗಾಲದ ಮೊದಲು ದೋಣಿಗೆ ಬಳಿದು ಉಳಿದದ್ದನ್ನು ಫೋರ್ಕಿನ ಕೊಳವೆಗೂ ತಿಕ್ಕುತ್ತಿದ್ದ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು. ಬೇಡ ಎಂದರೆ, "ಅಷ್ಟ್ ದೊಡ್ಡ ದೋಣಿಗೇ ಆತ್ತ್ ಅಂಬ್ರ್, ಇಷ್ಟ್ ಸಣ್ಣ ಕೋಲಿಗ್ ಆತ್ತಿಲ್ಯಾ?" ಎಂದು ನಗುತ್ತಿದ್ದ. ಮರಕ್ಕೆ ಆ ಎಣ್ಣೆ ಒಳ್ಳೆಯದೇ. ಒಣಗಿ ಗಟ್ಟಿ ಪದರವಾಗುತ್ತದೆ, ನೀರು ಬಿಡುವುದಿಲ್ಲ. ಫೋರ್ಕಿನಲ್ಲಿ ಅದೇ ಪದರ ಅಂಟಾಗಿ ಹೊಯಿಗೆ ಹಿಡಿದುಕೊಂಡಿತ್ತು. ಹೊಯಿಗೆ ಸೀಲಿನೊಳಗೆ ಇಳಿದು, ಕೊಳವೆ ಏರಿ ಇಳಿದಾಗಲೆಲ್ಲ ಬುಷ್ಷನ್ನು ತಿಂದಿತ್ತು. ಅವನ ಅಪ್ಪ, ಆ ಮುದುಕರು, ಕಿವಿಗೊಟ್ಟು ಕಾಯುತ್ತಿದ್ದ ಆ ಸದ್ದನ್ನು ಮಗ ಪ್ರೀತಿಯಿಂದ ತಾನೇ ತಿಕ್ಕಿ ತಿಕ್ಕಿ ಮಾಡಿಟ್ಟು ಹೋಗಿದ್ದ.

ಆ ಜಾತಿಯ ಫೋರ್ಕಿಗೆ ಬುಷ್ ಆಗಲೇ ಎಲ್ಲೂ ಸಿಗುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು, ಅಳತೆ ಹಿಡಿದು ಬ್ರಹ್ಮಾವರದ ಲೇತಿನವನ ಹತ್ತಿರ ಹೋದೆ. ಹಿತ್ತಾಳೆಯೋ ನೈಲಾನೋ ಎಂದು ಕೇಳಿದ. ನೈಲಾನಾದರೆ ಕೊಳವೆಗೆ ಗೀರು ಬೀಳುವುದಿಲ್ಲ, ಸದ್ದೂ ಇರುವುದಿಲ್ಲ ಎಂದು ನೈಲಾನೇ ಹೇಳಿದೆ. ಕಡೆದು ಕೊಟ್ಟ. ಸ್ಪ್ರಿಂಗ್ ತೆಗೆದು ಸ್ವಲ್ಪ ಮೆದುವಾದದ್ದನ್ನು ಹಾಕಲು ಹುಡುಕಿದೆ, ಆ ಸುತ್ತಳತೆಯದು ಸಿಗಲಿಲ್ಲ. ಹಳೆಯದನ್ನೇ ಹಾಕಿ ಜೋಡಿಸಿದೆ. ಕಲ್ಲಿನ ಮೇಲೆ ಹತ್ತಿಸಿ ಇಳಿಸಿದರೆ ಸದ್ದಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ವಾರವೂ ಆಗಿರಲಿಕ್ಕಿಲ್ಲ, ಹುಡುಗಿ ಸೈಕಲ್ ತಳ್ಳಿಕೊಂಡು ಬಂದಳು. ಮೊಣಕೈ ಕೆತ್ತಿಹೋಗಿತ್ತು, ಚೂಡಿದಾರದ ಮೊಣಕಾಲಿನಲ್ಲಿ ಕೆಂಪು ಮಣ್ಣು. ಕಾಲವಲ್ಲದ ಕಾಲದಲ್ಲಿ ಬಂದ ಮಳೆಗೆ ನನ್ನ ನೈಲಾನು ನೀರು ಕುಡಿದು ಉಬ್ಬಿತ್ತು. ಕಲ್ಲಿನ ಪೆಟ್ಟಿಗೆ ತಗ್ಗಿದ ಫೋರ್ಕು ಏಳದೆ ಅರ್ಧದಲ್ಲೇ ಕಚ್ಚಿಕೊಂಡಿತ್ತು. ಇಳಿಜಾರಿನಲ್ಲಿ ಮೂಗು ತಗ್ಗಿದ ಸೈಕಲ್ ಅವಳನ್ನು ಮುಂದಕ್ಕೆ ಎತ್ತಿ ಹಾಕಿತ್ತು.

ನಾನು ಕ್ಷಮೆ ಕೇಳಿದೆ. ಅವಳಿಗೆ ಅದಕ್ಕಿಂತ ದೊಡ್ಡ ಸಂಕಟವಿತ್ತು.

"ಸದ್ದ್ ನಿಂತದ್ದೇ, ಅಪ್ಪಯ್ಯ ಕತ್ಲಾಪು ತನ್ಕ ಜಗ್ಲಿ ಬಿಟ್ಟ್ ಏಳೂದಿಲ್ಲ. ನಾನ್ ಒಳ್ಗ್ ಹೋಯ್ ಕೈಕಾಲ್ ತೊಳ್ಕಂಡ್ ಬಂದ್ರೂ ಅಲ್ಲೇ. ನಿನ್ನೆ 'ಮಾಣಿ ಬಂದಿಲ್ಯಾ' ಅಂದೇಳಿ ನನ್ನತ್ರೇ ಕೇಂಡ್ರ್. ಎಂತ ಹೇಳೂದ್ ಅಣ್ಣಾ?"

ಕೆಲಸದವನು ಉತ್ತರ ತೋಚದಿದ್ದರೆ ಕೆಲಸಕ್ಕೆ ಕೈ ಹಾಕುತ್ತಾನೆ. ಈ ಸಲ ಫೋರ್ಕನ್ನು ಇಡೀ ಸೈಕಲ್ಲಿನಿಂದಲೇ ಹೊರತೆಗೆದೆ. ಹ್ಯಾಂಡಲ್ಲಿನ ಕಡೆಗೆ ಹೋಗುವ ನಡುಗೊಳವೆಯ ಬುಡವನ್ನು ಒರೆಸುವಾಗ ಬಟ್ಟೆಯ ಎಳೆ ಸಿಕ್ಕಿಕೊಂಡಿತು. ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಬಿರುಕು. ಒಳಗಿನಿಂದ ತುಕ್ಕು ತಿಂದು ಹೊರಗೆ ಬಂದಿತ್ತು. ಹೊರಗೆ ಎಷ್ಟು ಎಣ್ಣೆ ಬಳಿದರೂ ಕೊಳವೆಯ ಒಳಗೆ ಯಾರೂ ಬಳಿದಿರಲಿಲ್ಲ. ಒಂದು ದೊಡ್ಡ ಹೊಂಡ ಸಿಕ್ಕಿದ್ದರೆ ಹ್ಯಾಂಡಲ್ಲು ಅವಳ ಕೈಯಲ್ಲಿ ಉಳಿಯುತ್ತಿತ್ತು, ಚಕ್ರ ಬೇರೆ ಕಡೆ ಹೋಗುತ್ತಿತ್ತು.

ಇನ್ನು ಈ ಫೋರ್ಕಿನ ಕತೆ ಮುಗಿಯಿತು ಎಂದೆ. ತಾತ್ಕಾಲಿಕವಾಗಿ ಹಳೆಯ ಸಾದಾ ಕಬ್ಬಿಣದ ಫೋರ್ಕೊಂದನ್ನು ಹಾಕಿ ಕಳಿಸಿದೆ. ಅದು ಗಿಡ್ಡ. ಸೈಕಲ್ ಮುಂದಕ್ಕೆ ಬಾಗಿ, ತಿರುವಿನಲ್ಲಿ ಪೆಡಲ್ ನೆಲಕ್ಕೆ ತಾಗುತ್ತಿತ್ತು. ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡೇ ಹೋಗು ಎಂದು ಹೇಳಿದ್ದೆ.

ಮುದುಕರು ಬಂದದ್ದು ಅದಾದ ಮೇಲೆ. ಬೈಂದೂರಿನಿಂದ ಬರುವ ಲೋಕಲ್ ಬಸ್ಸಿನ ಕಂಡಕ್ಟರ್ ಕೈ ಹಿಡಿದು ಇಳಿಸಿ, ನನ್ನ ಅಂಗಡಿಯ ಕಡೆ ಮುಖ ಮಾಡಿಸಿ ಹೋದ. ಬಿಳಿ ಅಂಗಿ, ಮೇಲಕ್ಕೆ ಕಟ್ಟಿದ ಮುಂಡು. ಸ್ಟೂಲು ಕೊಟ್ಟೆ. ಕೂರಲಿಲ್ಲ.

"ನಮ್ಮ್ ಮಾಣಿ ಫೋರ್ಕ್ ಎಲ್ಲಿತ್ತ್?"

ಕೈಗೆ ಕೊಟ್ಟೆ. ಮುಖದ ಹತ್ತಿರ ತಂದು ಮೂಸಿದರು. ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ಮೀನೆಣ್ಣೆಯ ವಾಸನೆ ಹೋಗಿರಲಿಲ್ಲ. ಎರಡೂ ಕಾಲು ಹಿಡಿದು ಅಲುಗಿಸಿದರು. ನನ್ನ ನೈಲಾನು ಬುಷ್ಷುಗಳನ್ನು ತೆಗೆದು ಸುಮ್ಮನೆ ಜೋಡಿಸಿಟ್ಟಿದ್ದೆ. ಟಕ್ ಎಂದಿತು.

"ಇದನ್ನೇ ತಿರ್ಗಿ ಹಾಕಿ ಕೊಡಿ."

"ಹಾಕೂಕ್ ಆತ್ತಿಲ್ಲ, ಒಡ್ದಿತ್ತ್" ಎಂದೆ. ಅವರು ನಂಬಲಿಲ್ಲ ಎಂದು ಮುಖ ಹೇಳುತ್ತಿತ್ತು. ಅವರ ಹೆಬ್ಬೆರಳನ್ನು ಹಿಡಿದು ನಡುಗೊಳವೆಯ ಬುಡದ ಮೇಲೆ ಇಟ್ಟೆ. ಉಗುರು ಬಿರುಕಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

"ಹೆಣ್ಣ್ ಇದ್ರ ಮೇಲೇ ಹೋಯ್ತಿದ್ಲಾ ಇಷ್ಟ್ ದಿನ?"

"ಹೌದ್."

ಹೆದ್ದಾರಿಯಲ್ಲಿ ಮರ ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಅದು ನಿಂತಾಗ ನಾನೇ ಹೇಳಿದೆ, ಹೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಲೇ. "ಅವ್ಳಿಗ್ ಬೇಜಾರ್ ಇತ್ತ್. ಮಾಣಿ ಅಂದೇಳಿ ಎಣ್ಸಿ ಕರೀತ್ರಿ, ಅವ್ಳನ್ನ ಕರೂದಿಲ್ಲ ಅಂದೇಳಿ."

ಮುದುಕರು ತಲೆ ಎತ್ತಿದರು. ಕಣ್ಣಿನ ಬಿಳಿಪೊರೆ ನನ್ನ ಮುಖದ ಪಕ್ಕದಲ್ಲೆಲ್ಲೋ ನಿಂತಿತು.

"ನಂಗ್ ಮರುಳ್ ಅಂದೇಳಿ ಎಣ್ಸಿದ್ರ್ಯಾ ನೀವೆಲ್ಲ? ಬಪ್ಪುದ್ ಹೆಣ್ಣೇ ಅಂದೇಳಿ ನಂಗ್ ಗೊತ್ತಿತ್ತ್. ಮಾಣಿ ಹೋದ್ದೂ ಗೊತ್ತಿತ್ತ್. ನಲ್ವತ್ತ್ ವರ್ಷ ಸಮುದ್ರಕ್ ಹೋದವ ನಾನ್, ಅಷ್ಟ್ ಗೊತ್ತಿಲ್ಯಾ? ಮನೇಲ್ ಅವ್ನ ಸುದ್ದಿ ತೆಗೂಕಿಲ್ಲ, ಅವ್ನ ಅಮ್ಮ ಮರ್ಕತ್ಲ್, ಕಣ್ಣೀರ್ ನಿಲ್ಲೂದಿಲ್ಲ. ಬಾಯ್ ಬಿಟ್ಟ್ ಅವನ್ನ ಕರೂಕೆ ಒಂದ್ ಜಾಗ ಇಲ್ಲ. ಆ ಸದ್ದ್ ಬಂದ್ರೆ, ತಪ್ಪಿ ಕರ್ದ ಹಾಂಗೆ ಮಾಡಿ ಒಂದ್ ಸಲ ಕರೂಕ್ ಆತಿದ್ದಿತ್ತ್. ಸದ್ದ್ ನಿಂತ ಮೇಲ್ ಹೆಣ್ಣಿನತ್ರ ಕೇಂಡದ್ದೂ ಅದ್ಕೇ. ಅಷ್ಟೇ."

ನನಗೆ ಅಳು ಬಂತು. ಅವರಿಗೆ ಕಾಣುವುದಿಲ್ಲ ಎಂಬ ಧೈರ್ಯದಿಂದ ಒರೆಸಿಕೊಳ್ಳಲಿಲ್ಲ.

ಮುದುಕರು ಎದ್ದು ಫೋರ್ಕನ್ನು ನನ್ನ ಕೈಗೇ ಕೊಟ್ಟರು. "ಬೇಡ, ಹಾಕ್ಬೇಡಿ. ಒಬ್ಬ ಹೋದ್ದ್ ಸಾಕ್. ಹೆಣ್ಣಿಗ್ ಒಳ್ಳೇದ್ ಹಾಕಿ. ಇದನ್ನ ಮನೆಗ್ ಕಳ್ಸೂದ್ ಬೇಡ. ಬಿಸಾಡ್ಬೇಡಿ ಮಾತ್ರ." ಬಸ್ಸು ಹತ್ತಿಸಿ ಬಂದೆ. ಅಂಗಡಿಗೆ ಬಂದು ಫೋರ್ಕನ್ನು ಜಂತಿಯ ಕೊಕ್ಕೆಗೆ ನೇತು ಹಾಕಿದೆ.

ಒಳ್ಳೆಯದು ಹಾಕಿ ಎಂದರೆ ಯಾವುದು? ಉಡುಪಿಯಲ್ಲಿ ಸ್ಪ್ರಿಂಗಿನ ಫೋರ್ಕು ಕೂಡಲೇ ಸಿಗುತ್ತಿತ್ತು. ಹೋಗಿ ನೋಡಿದೆ. ಒಂದರಲ್ಲಿ ಡಿಸ್ಕ್ ಬ್ರೇಕಿಗೆ ಮಾತ್ರ ಜಾಗ, ನಮ್ಮ ಸೈಕಲ್ಲಿಗೆ ಬೇಕಾದ್ದು ರಿಮ್ ಹಿಡಿಯುವ ಬ್ರೇಕಿನ ಗೂಟ. ಇನ್ನೊಂದರ ಉದ್ದ ಹೆಚ್ಚು. ಹಾಕಿದರೆ ಸೈಕಲ್ ಮೂಗೆತ್ತಿ ನಿಲ್ಲುತ್ತದೆ, ಏರು ಹತ್ತುವಾಗ ಮುಂದಿನ ಚಕ್ರ ಅಲೆದಾಡುತ್ತದೆ. ಮೂರನೆಯದು ಎಲ್ಲ ಅಳತೆಗೂ ಸರಿ ಇತ್ತು, ಅಂಗಡಿಯಲ್ಲೇ ಎದೆ ಕೊಟ್ಟು ಒತ್ತಿ ನೋಡಿದೆ, ಚೆನ್ನಾಗಿ ತಗ್ಗಿತು. ತಗ್ಗಿದ್ದು ನನ್ನ ತೂಕಕ್ಕೆ. ಕೊಳ್ಳುವ ಮುಂಚೆ ಒಂದು ಮಾತು ಕೇಳೋಣ ಎಂದು ಮುಂಬಯಿಗೆ ಫೋನು ಮಾಡಿದೆ. ಹುಡುಗುತನದಲ್ಲಿ ಅಲ್ಲಿನ ಸೈಕಲ್ ಅಂಗಡಿಯಲ್ಲಿ ನಾನು ಕೆಲಸ ಕಲಿತದ್ದು, ಫೋರ್ಕನ್ನು ಅಲ್ಲಿ ಚಿಮಟಾ ಎನ್ನುತ್ತಿದ್ದೆವು. ಯಜಮಾನರು ಮೊದಲು ಕೇಳಿದ್ದು ಒಂದೇ, ಓಡಿಸುವವರ ತೂಕವೆಷ್ಟು?

ತಟ್ಟನೆ ಹೇಳಿದೆ. ಹೇಳಿ ಮುಗಿಸುವಾಗ ತಪ್ಪು ಗೊತ್ತಾಯಿತು. ನಾನು ಹೇಳಿದ್ದು ಅಣ್ಣನ ತೂಕ. ಅವನು ಬಂದರಿನ ಮೀನಿನ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದು ಹೆಮ್ಮೆಯಿಂದ ಹೇಳಿದ್ದ ತೂಕ. ಹುಡುಗಿಯನ್ನು ಸೀಟಿನ ಮೇಲೆ ಕೂರಿಸಿ ನೋಡಿದವನು ನಾನೇ, ಬಿದ್ದ ಮೊಣಕೈ ನೋಡಿದವನೂ ನಾನೇ. ಆದರೂ ಇಷ್ಟು ದಿನ ಅವನಿಗೇ ಫೋರ್ಕು ಹುಡುಕುತ್ತಿದ್ದೆ. ಮುದುಕರು ಗೊತ್ತಿದ್ದು ಕರೆಯುತ್ತಿದ್ದರು, ನಾನು ಗೊತ್ತಿಲ್ಲದೆಯೇ ಅದನ್ನು ಮಾಡುತ್ತಿದ್ದೆ. "ಅಲ್ಲ, ಅವರದ್ದಲ್ಲ, ನಾಳೆ ಹೇಳುತ್ತೇನೆ" ಎಂದು ಫೋನು ಇಟ್ಟೆ.

ಮರುದಿನ ಹುಡುಗಿಯನ್ನು ಪಕ್ಕದ ಪಡಿತರ ಅಂಗಡಿಯ ಅಕ್ಕಿ ತಕ್ಕಡಿಯ ಮೇಲೆ ನಿಲ್ಲಿಸಿದೆ. ಮೊದಲು ಅವಳೊಬ್ಬಳೇ, ಆಮೇಲೆ ತುಂಬಿದ ಅಂಚೆ ಚೀಲದೊಡನೆ. "ನಾನೆಂತ ಅಕ್ಕಿ ಮುಡಿಯಾ?" ಎಂದು ಅವಳು ನಕ್ಕಳು. ಅವಳು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಅಷ್ಟು ಹಗುರದವರಿಗೆ ಸ್ಪ್ರಿಂಗು ಬೇಡ, ಗಾಳಿಯದು ಹಾಕು ಎಂದರು ಯಜಮಾನರು. ಸ್ಪ್ರಿಂಗಿನ ಬದಲು ಒಳಗೆ ಗಾಳಿ ತುಂಬುವ ಫೋರ್ಕು. ಎಷ್ಟು ಗಾಳಿಯೋ ಅಷ್ಟು ಗಟ್ಟಿ, ಚೀಲ ಹಗುರವಿದ್ದ ದಿನ ಸ್ವಲ್ಪ ಬಿಡಬಹುದು. ನನಗೆ ಅಳುಕಿತ್ತು. ನಮ್ಮ ಉಪ್ಪುಗಾಳಿಗೆ ಸೀಲು ಒಣಗಿದರೆ ಗಾಳಿ ನಿಲ್ಲುವುದಿಲ್ಲ, ಅದಕ್ಕೆ ಬೇರೆಯೇ ಸಣ್ಣ ಪಂಪು ಬೇಕು, ತಿಂಗಳಿಗೊಮ್ಮೆ ನೋಡಬೇಕು. ನೋಡುತ್ತೇನೆ ಎಂದು ನಿರ್ಧರಿಸಿದೆ. ಮಾರಿ ಕೈ ತೊಳೆದುಕೊಳ್ಳುವ ಸಾಮಾನಲ್ಲ ಅದು.

ಫೋರ್ಕು ಬಾಂಬೆ ಬಸ್ಸಿನಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿ ಬಂತು. ನಡುಗೊಳವೆಯನ್ನು ಕೊಯ್ಯುವ ಮೊದಲು ನಾಲ್ಕಾರು ಸಲ ಅಳೆದೆ, ಕೊಯ್ದ ಮೇಲೆ ಸೇರಿಸಲು ಬರುವುದಿಲ್ಲ. ಕೊಳವೆಯ ಒಳಮೈಗೆ ಗ್ರೀಸು ಬಳಿದೆ. ಈ ಫೋರ್ಕಿಗೆ ಮೀನೆಣ್ಣೆ ತಾಗದಂತೆ ನೋಡಿಕೊಳ್ಳಬೇಕೆಂದು ಹುಡುಗಿಗೆ ಹೇಳಿದೆ. "ನಂಗ್ ಆ ವಾಸ್ನಿಯೇ ಆತ್ತಿಲ್ಲ" ಎಂದಳು, ಹೇಳಿ ಮೇಲೆ ಜಂತಿಯ ಕಡೆ ಒಮ್ಮೆ ನೋಡಿದಳು.

ಗಾಳಿ ಎಷ್ಟೆಂದು ಗೊತ್ತು ಮಾಡುವುದು ಹೀಗೆ. ಮೇಲಿನ ಕೊಳವೆಗೆ ಒಂದು ದಾರ ಕಟ್ಟಿ ಸೀಲಿನ ತನಕ ಇಳಿಸುವುದು, ಸವಾರರು ಮೆಲ್ಲಗೆ ಕೂತು ಮೆಲ್ಲಗೆ ಇಳಿಯುವುದು, ದಾರ ಎಷ್ಟು ಸರಿದಿದೆ ಎಂದು ನೋಡುವುದು. ಫೋರ್ಕು ಏರಿಳಿಯುವ ಒಟ್ಟು ದೂರದ ನಾಲ್ಕನೇ ಒಂದು ಭಾಗದಷ್ಟು ಕೂತರೆ ಸರಿ. ದಾರ ಹುಡುಕುವಾಗ ಅವಳು ಚೀಲದಿಂದ ಬಲೆ ಕಟ್ಟುವ ನೈಲಾನು ದಾರ ತೆಗೆದುಕೊಟ್ಟಳು, ಅಪ್ಪನಿಗೆಂದು ಕೊಂಡದ್ದು. ಮೊದಲ ಸಲ ಹೆಚ್ಚು ಕೂತಿತು, ಎರಡನೇ ಸಲ ಕೂರಲೇ ಇಲ್ಲ. ಆಮೇಲೆ ಚೂರುಚೂರೇ ಗಾಳಿ ಬಿಟ್ಟೆ. ಕೊನೆಗೊಮ್ಮೆ ಅವಳು ಕೂತಾಗ ಫೋರ್ಕು ತಗ್ಗಿ, ಅವಳ ತೂಕವನ್ನು ಹಿಡಿದು ನಿಂತಿತು. "ಇದ್ಕ್ ನಾನ್ ಕೂತದ್ದ್ ಗೊತ್ತಾತ್ತಲ್ದಾ" ಎಂದಳು.

ಅವತ್ತು ಸಂಜೆ ನಾನೂ ಸ್ಕೂಟರಿನಲ್ಲಿ ಅವಳ ಹಿಂದೆಯೇ ಹೋದೆ. ಸಾಮಾನು ಹೊಸದು, ದಾರಿಯಲ್ಲಿ ನೋಡಬೇಕು ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆ ಸಂಕ ನೋಡಬೇಕಿತ್ತು. ಹೊತ್ತು ಇಳಿಯುತ್ತಿತ್ತು. ತೋಡಿನಲ್ಲಿ ಉಬ್ಬರದ ನೀರು. ಆಚೆ ಜಗಲಿಯಲ್ಲಿ ಮುದುಕರು ಬಲೆ ಹರಡಿಕೊಂಡು ಕೂತಿದ್ದರು, ಕೈ ತಾನಾಗಿ ಗಂಟು ಹಾಕುತ್ತಿತ್ತು. ನಾನು ಸ್ಕೂಟರು ದೂರದಲ್ಲೇ ನಿಲ್ಲಿಸಿದೆ.

ಹುಡುಗಿ ಹಲಗೆ ಹತ್ತಿದಳು. ಚಕ್ರ ಏರಿತು, ಫೋರ್ಕು ತಗ್ಗಿ ಎದ್ದಿತು, ಟಕ್ ಎನ್ನಲಿಲ್ಲ. ಆ ಸದ್ದಿಲ್ಲದ ಜಾಗದಲ್ಲಿ ನನ್ನ ಕಿವಿ ತಾನಾಗಿ ಎರಡು ಸಲ ಅದನ್ನು ಕೇಳಿತು. ಮುದುಕರ ಕೈ ನಿಂತಿತು. ಮುಖ ಸಂಕದ ಕಡೆ ತಿರುಗಿತು. ಹಲಗೆ ಅಲುಗಿದ್ದು ಕೇಳಿಸಿತೋ, ಹೊತ್ತಾಯಿತೆಂಬ ಅಂದಾಜೋ ತಿಳಿಯದು. ಬಾಯಿ ತೆರೆದು ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಅಭ್ಯಾಸವಾದ ಹೆಸರು ನಾಲಿಗೆಯ ಮೇಲೆ ಇತ್ತೆಂದು ನನಗೆ ಅಷ್ಟು ದೂರದಿಂದಲೂ ಗೊತ್ತಾಯಿತು.

"ಬಂದ್ಯಾ ಹೆಣ್ಣೇ?"

ಅವಳು ಸಂಕದ ನಡುವೆಯೇ ಕಾಲೂರಿ ನಿಂತುಬಿಟ್ಟಳು. "ಹೂಂ ಅಪ್ಪಯ್ಯ, ಬಂದೆ" ಎಂದಳು. ನಾನು ಸ್ಕೂಟರು ತಿರುಗಿಸಿದೆ.

ಆ ಹಳೆಯ ಫೋರ್ಕು ಇನ್ನೂ ನನ್ನ ಅಂಗಡಿಯ ಜಂತಿಯಲ್ಲೇ ಇದೆ. ಗುಜರಿಯವನು ಕೇಳಿದಾಗಲೆಲ್ಲ ಬೇರೇನಾದರೂ ಕೊಟ್ಟು ಕಳಿಸುತ್ತೇನೆ. ಮಳೆಗಾಲದಲ್ಲಿ ಅದರಿಂದ ಮೀನೆಣ್ಣೆಯ ವಾಸನೆ ಇಳಿದು ಬರುತ್ತದೆ. ಅಗಲವಾದ ಹೆದ್ದಾರಿಯಲ್ಲಿ ಭಾರದ ಲಾರಿ ಹೋದರೆ ಜಂತಿ ನಡುಗುತ್ತದೆ, ಸವೆದ ಕಾಲುಗಳು ಒಳಗೆ ಅಲುಗಿ ಟಕ್ ಎನ್ನುತ್ತವೆ. ಗಿರಾಕಿಗಳಿದ್ದರೆ ನಾನು ಕೆಲಸದಿಂದ ತಲೆ ಎತ್ತುವುದಿಲ್ಲ. ಯಾರೂ ಇಲ್ಲದಿದ್ದಾಗ ಬಾಗಿಲ ಕಡೆ ನೋಡದೆ, ಗೋಡೆಗೆ ಮುಖ ಮಾಡಿಕೊಂಡೇ ಕೇಳುತ್ತೇನೆ, "ಬಾ ಮಾರಾಯ, ಚಾ ಆಯ್ತಾ?"